ಸಾಸಿವೆಯ ಕೊನೆಯ ಐವತ್ತು ಮೈಲಿ

ದೂರದ ಸವಾರಿಯವರ ಸಂಘದಲ್ಲಿ ಅವಳನ್ನು ಎಲ್ಲರೂ ಕೊನೆಯಕ್ಕ ಎಂದೇ ಕರೆಯುತ್ತಿದ್ದರು. ಹದಿನಾರು ವರ್ಷದಲ್ಲಿ ತೊಂಬತ್ತೊಂಬತ್ತು ಸವಾರಿ ಮುಗಿಸಿದವಳು, ಅದರಲ್ಲಿ ಎಪ್ಪತ್ತಕ್ಕೂ ಹೆಚ್ಚು ಸಲ ಎಲ್ಲರಿಗಿಂತ ಹಿಂದೆ ಬಂದವಳು. ಹೆಸರಿಟ್ಟವರು ಕುಹಕಕ್ಕೆ ಇಟ್ಟರೋ ಪ್ರೀತಿಗೆ ಇಟ್ಟರೋ, ಅವಳಂತೂ ಅದನ್ನು ಬಿರುದಿನ ಹಾಗೆ ಹೊತ್ತು ತಿರುಗಿದಳು. ಹೊಸಬರು ಯಾರಾದರೂ ಮರ್ಯಾದೆಗೆ ನಿಜವಾದ ಹೆಸರು ಹಿಡಿದು ಕರೆದರೆ ಅತ್ತಿತ್ತ ನೋಡಿ, "ಯಾರನ್ನ ಕರೀತಿದೀಯಪ್ಪಾ?" ಎಂದು ಕೇಳುತ್ತಿದ್ದಳು.

ಆ ಆಟ ಗೊತ್ತಿಲ್ಲದವರಿಗೆ ಎರಡು ಮಾತು ಹೇಳಿಬಿಡಬೇಕು. ಹನ್ನೆರಡು ಗಂಟೆಯೊಳಗೆ ಐವತ್ತು ಮೈಲಿ ಕುದುರೆಯ ಮೇಲೆ ಹೋಗಿ ಬರುವುದು, ಅಷ್ಟೇ. ಮೂರು ಸುತ್ತು. ಪ್ರತಿ ಸುತ್ತು ಮುಗಿದ ಮೇಲೂ ಬಿಡಾರಕ್ಕೆ ವಾಪಸು ಬರಬೇಕು. ಅಲ್ಲಿ ಪಶುವೈದ್ಯರು ಕುದುರೆಯ ಎದೆಬಡಿತ ಎಣಿಸುತ್ತಾರೆ, ಹೊಟ್ಟೆಗೆ ಸ್ಟೆತಾಸ್ಕೋಪ್ ಇಟ್ಟು ಕರುಳಿನ ಸದ್ದು ಕೇಳುತ್ತಾರೆ, ಒಸಡು ಒತ್ತಿ ನೋಡುತ್ತಾರೆ. ಅರ್ಧ ಗಂಟೆಯಲ್ಲಿ ಎದೆಬಡಿತ ನಿಮಿಷಕ್ಕೆ ಅರವತ್ತನಾಲ್ಕರ ಮಟ್ಟಕ್ಕೆ ಇಳಿಯದಿದ್ದರೆ ಅಲ್ಲಿಗೆ ಮುಗಿಯಿತು, ಮನೆಗೆ ಹೋಗಬೇಕು. ಐವತ್ತನೆಯ ಮೈಲಿ ದಾಟಿದ ಮೇಲೂ ವೈದ್ಯರು ನೋಡಿ, ಈ ಕುದುರೆ ಬೇಕಿದ್ದರೆ ಇನ್ನೂ ಮುಂದಕ್ಕೆ ಹೋಗಬಲ್ಲದು ಎಂದು ಬರೆದರೆ ಮಾತ್ರ ಸವಾರಿ ಸವಾರಿ. ಇಲ್ಲದಿದ್ದರೆ ನಲವತ್ತೊಂಬತ್ತು ಮೈಲಿ ನಡೆದದ್ದೂ ಸೊನ್ನೆಯೇ.

ಕೊನೆಯಕ್ಕನ ಕೆಲಸ ದೊಡ್ಡಾಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ. ನೆಲಮಾಳಿಗೆಯ ಉದ್ದನೆಯ ಕೋಣೆ, ಹಬೆಗೆ ಬೆವರುವ ಗೋಡೆಗಳು, ನಡುವೆ ಹಾಸಿಗೆ ಬಟ್ಟೆಗಳನ್ನು ನುಂಗಿ ಬಿಸಿಯಾಗಿ ಉಗುಳುವ ಎರಡು ಇಸ್ತ್ರಿ ಉರುಳೆ ಯಂತ್ರಗಳು. ಅವಳು ಯಂತ್ರದ ಬಾಯಿಯ ಹತ್ತಿರ ನಿಂತು ಬರುವ ಬಟ್ಟೆಯ ಎರಡು ತುದಿ ಹಿಡಿದು, ಮಡಚಿ, ಮತ್ತೆ ಮಡಚಿ, ಗಾಡಿಯಲ್ಲಿ ಪೇರಿಸುವುದು. ಇಪ್ಪತ್ತೇಳು ವರ್ಷ ಇದನ್ನೇ ಮಾಡಿ ಅವಳ ಬೆರಳಿನ ತುದಿಗಳು ಬಿಸಿ ಎಂದರೇನು ಎಂಬುದನ್ನೇ ಮರೆತಿದ್ದವು. ಗಂಡ ಕುದುರೆಗಳಿಗೆ ಲಾಳ ಕಟ್ಟುವವನು. ಊರಂಚಿನಲ್ಲಿ ಅವನ ಕುಲುಮೆ, ಕುಲುಮೆಯ ಹಿಂದೆ ಎರಡು ಕೋಣೆಯ ಮನೆ, ಮನೆಯ ಹಿಂದೆ ತಗಡಿನ ಲಾಯ. ಮಕ್ಕಳಿರಲಿಲ್ಲ.

ಹದಿನಾರು ವರ್ಷದ ಹಿಂದೆ ಯಾರೋ ಒಬ್ಬರು ಐದು ವರ್ಷದ ಹೆಣ್ಣು ಕುದುರೆಯೊಂದನ್ನು ಕುಲುಮೆಗೆ ಹೊಡೆದುಕೊಂಡು ಬಂದು, "ಮಹಾ ಸೋಮಾರಿ ಇದು, ಬೇಕಾದ್ರೆ ನೀವೇ ಇಟ್ಕೊಳಿ" ಎಂದು ಬಿಟ್ಟುಹೋದರು. ಬಿಳಿ ಮೈ, ಮೈತುಂಬ ಸಾಸಿವೆ ಚೆಲ್ಲಿದ ಹಾಗೆ ಕಂದು ಚುಕ್ಕಿ. ಹೆಸರು ಹುಡುಕುವ ತಾಪತ್ರಯವೇ ಬೀಳಲಿಲ್ಲ. ಆಗ ಕೊನೆಯಕ್ಕನಿಗೆ ನಲವತ್ತು. ಜನ್ಮದಲ್ಲಿ ಕುದುರೆ ಹತ್ತಿದವಳಲ್ಲ. "ಈ ವಯಸ್ಸಲ್ಲಿ ಬಿದ್ದು ಸೊಂಟ ಮುರ್ಕೊಂಡ್ರೆ ನಿನಗೂ ನಾನೇ ಲಾಳ ಕಟ್ಬೇಕಾಗುತ್ತೆ" ಎಂದು ಗಂಡ ನಕ್ಕ. ಆದರೆ ಇಬ್ಬರು ಸೋಮಾರಿಗಳೂ ಒಬ್ಬರಿಗೊಬ್ಬರು ಹೊಂದಿಕೊಂಡರು. ಸಾಸಿವೆಗೆ ಓಡುವುದು ಬೇಡವಾಗಿತ್ತು, ನಿಲ್ಲುವುದೂ ಬೇಡವಾಗಿತ್ತು. ಒಂದೇ ಹದದಲ್ಲಿ ದಿನವಿಡೀ ಹೋಗುತ್ತಿರುವುದಷ್ಟೇ ಅವಳಿಗೆ ಇಷ್ಟ. ಇಳಿಜಾರು ಬಂದರೆ ಕೊನೆಯಕ್ಕ ಕೆಳಗಿಳಿದು ತಾನೂ ಪಕ್ಕದಲ್ಲಿ ನಡೆಯುತ್ತಿದ್ದಳು. ಕುದುರೆಯನ್ನು 'ಅದು' ಎಂದರೆ ಅವಳಿಗೆ ಕೋಪ ಬರುತ್ತಿತ್ತು, ಆದ್ದರಿಂದ ನಾವೂ ಅವಳು ಎಂದೇ ಹೇಳೋಣ. ಮಕ್ಕಳಿಲ್ಲದ್ದಕ್ಕೆ ಕುದುರೆಯನ್ನೇ ಮಗಳು ಮಾಡಿಕೊಂಡಿದ್ದಾಳೆ ಎಂದು ಆಸ್ಪತ್ರೆಯಲ್ಲಿ ಯಾರೋ ಅಂದಾಗ, "ಮಗಳಾಗಿದ್ರೆ ನನ್ನ ಮಾತೆಲ್ಲಿ ಕೇಳ್ತಿದ್ಲು?" ಎಂದು ಬಾಯಿ ಮುಚ್ಚಿಸಿದ್ದಳು.

ಸಂಘದಲ್ಲಿ ಬಹುಮಾನ ಎಂದರೆ ಎರಡೇ. ಒಂದು, ಮೊದಲು ಬಂದವರಿಗೆ ಕೊಡುವ ಕಪ್. ಅದು ಕೊನೆಯಕ್ಕನ ಹಣೆಯಲ್ಲಿ ಬರೆದಿರಲಿಲ್ಲ. ಇನ್ನೊಂದು, ಸಭಾಂಗಣದ ಗೋಡೆಯ ಮೇಲಿನ ಮರದ ಫಲಕ. ಒಂದೇ ಕುದುರೆ, ಒಂದೇ ಸವಾರ, ಇಬ್ಬರೂ ಜೊತೆಯಾಗಿ ಐದು ಸಾವಿರ ಮೈಲಿ ಮುಗಿಸಿದರೆ ಇಬ್ಬರ ಹೆಸರೂ ಹಿತ್ತಾಳೆ ಪಟ್ಟಿಯಲ್ಲಿ ಕೆತ್ತಿ ಅಲ್ಲಿ ಹೊಡೆಯುತ್ತಾರೆ. ಕುದುರೆಯ ಹೆಸರು ಮೊದಲು. ನಲವತ್ತು ವರ್ಷದಲ್ಲಿ ಆರು ಪಟ್ಟಿ ಬಿದ್ದಿದ್ದವು. ಏಳನೆಯದು ಸಾಸಿವೆಯದು ಎಂದು ಸಂಘದವರೆಲ್ಲ ಮಾತಾಡಿಕೊಳ್ಳತೊಡಗಿ ಎರಡು ವರ್ಷವಾಗಿತ್ತು. ಗಂಡ ಬಾಯಲ್ಲಿ ಎಷ್ಟೇ ಹಂಗಿಸಲಿ, ಹಿತ್ತಾಳೆ ತಂದು ಬಡಿದು, ತಾನೇ ಅಕ್ಷರ ಕೊರೆದು ಪಟ್ಟಿ ಸಿದ್ಧ ಮಾಡಿಟ್ಟಿದ್ದ.

ನೂರನೆಯ ಸವಾರಿಯ ದಿನ ಬೆಳಗಿನಿಂದಲೇ ಬಿಸಿಲು ಚುರುಗುಟ್ಟುತ್ತಿತ್ತು. ಸಾಸಿವೆಗೆ ಇಪ್ಪತ್ತೊಂದು ತುಂಬಿತ್ತು. ಮೊದಲ ಇಪ್ಪತ್ತು ಮೈಲಿ ಎಂದಿನ ಹಾಗೆ ಆಯಿತು. ಎರಡನೆಯ ಸುತ್ತಿನ ನಡುವೆ ಒಂದು ನೀರಿನ ತೊಟ್ಟಿಯಿದೆ. ಸಾಸಿವೆ ತುಟಿ ಅದ್ದಿದಳು, ಮೂತಿ ಎತ್ತಿದಳು, ಅಷ್ಟೇ. ಕೊನೆಯಕ್ಕ ಶಿಳ್ಳೆ ಹಾಕಿದಳು, ಕೈಯಲ್ಲಿ ನೀರು ಚಿಮ್ಮಿಸಿದಳು, ಬೈದಳು, ಮುದ್ದು ಮಾಡಿದಳು. ಗುಟುಕೂ ಇಳಿಯಲಿಲ್ಲ. ಮೂವತ್ತೆಂಟನೆಯ ಮೈಲಿಗೆ ಬಿಡಾರ ಮುಟ್ಟಿದಾಗ, ಬೇರೆ ದಿನ ನಾಲ್ಕೇ ನಿಮಿಷದಲ್ಲಿ ಇಳಿಯುತ್ತಿದ್ದ ಎದೆಬಡಿತ ಇಳಿಯಲು ಹದಿನೆಂಟು ನಿಮಿಷ ಹಿಡಿಯಿತು.

ಅಂದು ಪರೀಕ್ಷೆಗೆ ಇದ್ದವಳು ಕಿರಿಯ ಡಾಕ್ಟರಮ್ಮ. ಊರಿಗೆ ಬಂದು ಮೂರು ವರ್ಷವಾಗಿತ್ತು. ಸಾಸಿವೆಯ ಹೊಟ್ಟೆಗೆ ಸ್ಟೆತಾಸ್ಕೋಪ್ ಇಟ್ಟು ಬಹಳ ಹೊತ್ತು ಕೇಳಿ, "ಸದ್ದು ಸ್ವಲ್ಪ ಕಮ್ಮಿ ಇದೆ ಅಕ್ಕಾ. ನೀರು ಕುಡಿದ್ಲಾ?" ಎಂದಳು.

"ಕುಡಿದ್ಲು," ಎಂದಳು ಕೊನೆಯಕ್ಕ.

ಆ ಒಂದು ಮಾತು ಬಾಯಿಂದ ಹೇಗೆ ಜಾರಿತು ಎಂದು ಆಮೇಲೆ ಎಷ್ಟು ಯೋಚಿಸಿದರೂ ಅವಳಿಗೆ ತಿಳಿಯಲಿಲ್ಲ. ಎದುರಿಗೆ ಹಗ್ಗದ ಆಚೆ ಆಸ್ಪತ್ರೆಯ ಗೆಳತಿಯರು ಹರಿದ ಹಾಸಿಗೆ ಬಟ್ಟೆಯೊಂದರ ಮೇಲೆ ಬಣ್ಣದಲ್ಲಿ ಐದು ಸಾವಿರ ಎಂದು ಬರೆದು ಹಿಡಿದುಕೊಂಡಿದ್ದರು. ಇನ್ನು ಹನ್ನೆರಡೇ ಮೈಲಿ. ಇಲ್ಲಿ ನಿಂತರೆ ಮೂವತ್ತೆಂಟೂ ಸೊನ್ನೆ, ಮತ್ತೆ ಐವತ್ತು ಮೈಲಿ ಮೊದಲಿಂದ. ಆ ಮತ್ತೆ ಎಂಬುದು ಇಪ್ಪತ್ತೊಂದರ ಕುದುರೆಗೆ ಬರುತ್ತದೆಯೋ ಇಲ್ಲವೋ. ಇದೆಲ್ಲ ಲೆಕ್ಕ ಹಾಕಿ ಸುಳ್ಳು ಹೇಳಿದಳೆಂದಲ್ಲ. ಸುಳ್ಳು ಮೊದಲು ಬಂತು, ಲೆಕ್ಕ ಹಿಂದಿನಿಂದ ಬಂತು.

ಅದರ ಮೇಲೆ ಇನ್ನೊಂದು ಮಾಡಿದಳು. ದೂರದ ಸವಾರರೆಲ್ಲ ದಪ್ಪ ಸಿರಿಂಜಿನಲ್ಲಿ ಉಪ್ಪಿನ ಲೇಹ್ಯ ಇಟ್ಟುಕೊಂಡಿರುತ್ತಾರೆ. ಬೆವರಲ್ಲಿ ಹೋದ ಉಪ್ಪು ತುಂಬಿಕೊಡುವುದಕ್ಕೆ ಅದನ್ನು ಕುದುರೆಯ ಬಾಯಿಗೆ ಹಿಂಡುತ್ತಾರೆ. ಉಪ್ಪು ತಿಂದ ಕುದುರೆ ನೀರು ಬೇಡುತ್ತದೆ. ಆದರೆ ನೀರು ಕುಡಿಯದೆ ಒಣಗಿದ ಕುದುರೆಗೆ ಮಾತ್ರ ಅದನ್ನು ಕೊಡಬಾರದು. ಕೊಟ್ಟರೆ ಆ ಉಪ್ಪು ಮೈಯಲ್ಲಿ ಉಳಿದ ನೀರನ್ನೂ ಕರುಳಿಗೆ ಎಳೆದುಕೊಂಡುಬಿಡುತ್ತದೆ. ಹೊಸಬರಿಗೆ ಮೊದಲ ದಿನವೇ ಇದನ್ನು ಹೇಳಿಕೊಡುತ್ತಿದ್ದವಳು ಬೇರೆ ಯಾರೂ ಅಲ್ಲ, ಕೊನೆಯಕ್ಕನೇ. ಅವಳು ಕುದುರೆ ತರುವ ಗಾಡಿಯ ಮರೆಗೆ ಸಾಸಿವೆಯನ್ನು ಕರೆದೊಯ್ದು, ಈಗಲಾದರೂ ಕುಡಿಯಲಿ ಎಂದು, ಒಂದಲ್ಲ, ಎರಡು ಸಿರಿಂಜು ಹಿಂಡಿದಳು. ಸಾಸಿವೆ ತಲೆ ಕೊಡವಲಿಲ್ಲ. ಅವಳ ಕೈಯಿಂದ ಬಂದದ್ದನ್ನೆಲ್ಲ ನುಂಗಿಯೇ ಅಭ್ಯಾಸ.

ಕೊನೆಯ ಸುತ್ತಿನಲ್ಲಿ ಒಂಬತ್ತು ಮೈಲಿ ಕೊನೆಯಕ್ಕ ಮುಂದೆ ನಡೆದಳು, ಸಾಸಿವೆ ಹಿಂದೆ ನಡೆದಳು. ಹೊಳೆ ಬಂತು. ಸಾಸಿವೆ ಹೊಳೆಯಲ್ಲಿ ಮೊಣಕಾಲು ಮಟ್ಟ ನಿಂತು ನೀರನ್ನೇ ನೋಡಿದಳು, ಕುಡಿಯಲಿಲ್ಲ. ಹನ್ನೆರಡು ಗಂಟೆ ತುಂಬಲು ಕಾಲು ಗಂಟೆಯಿದ್ದಾಗ ಬಿಡಾರ ಮುಟ್ಟಿದರು. ಎದೆಬಡಿತ ಇಳಿದದ್ದು ಇಪ್ಪತ್ತೇಳನೆಯ ನಿಮಿಷಕ್ಕೆ. ಡಾಕ್ಟರಮ್ಮ ಸಾಸಿವೆಯ ತುಟಿ ಎತ್ತಿ ನೋಡಿ, "ಹೊಳೇಲಿ ಕುಡಿದ್ಲಾ ಅಕ್ಕಾ?" ಎಂದಳು. "ಹೊಟ್ಟೆ ತುಂಬ," ಎಂದಳು ಕೊನೆಯಕ್ಕ. ಡಾಕ್ಟರಮ್ಮ ಬರೆದಳು. ಜನ ಕುಣಿದರು. ಗಂಡ ಎಲ್ಲರೆದುರಿಗೇ ಕುದುರೆಗೊಂದು, ಹೆಂಡತಿಗೊಂದು ಮುತ್ತು ಕೊಟ್ಟ.

ಸಂಜೆ ಲಾಯಕ್ಕೆ ಬಂದ ಒಂದು ಗಂಟೆಯಲ್ಲಿ ಸಾಸಿವೆ ನೆಲಕ್ಕೆ ಬಿದ್ದು ಹೊರಳಾಡತೊಡಗಿದಳು. ಕಿರಿಯ ಡಾಕ್ಟರಮ್ಮನೇ ಓಡಿಬಂದಳು. ಮೂಗಿನಿಂದ ಕೊಳವೆ ಇಳಿಸಿದಳು, ಕತ್ತಿನ ನರಕ್ಕೆ ಬಾಟಲಿಯ ಮೇಲೆ ಬಾಟಲಿ ಏರಿಸಿದಳು. ಡಾಕ್ಟರಮ್ಮ ಏನೂ ಕೇಳಲಿಲ್ಲ, ಕೊನೆಯಕ್ಕ ಏನೂ ಹೇಳಲಿಲ್ಲ. ಮಾರನೆಯ ದಿನ ಬೆಳಿಗ್ಗೆ ಹತ್ತಕ್ಕೆ, ಕೊನೆಯಕ್ಕನ ತೊಡೆಯ ಮೇಲೆ ತಲೆಯಿಟ್ಟು ಸಾಸಿವೆ ಹೋಗಿಬಿಟ್ಟಳು. ತಲೆ ಅಷ್ಟು ಭಾರವಿರುತ್ತದೆಂದು ಹದಿನಾರು ವರ್ಷದಲ್ಲಿ ಅವಳಿಗೆ ಗೊತ್ತೇ ಆಗಿರಲಿಲ್ಲ.

ಗಂಡನಿಗೆ ಯಾರ ಮೇಲಾದರೂ ಕೂಗಾಡಬೇಕಿತ್ತು. "ಸರಿ ಇದಾಳೆ ಅಂತ ಬರೆದಿದ್ದು ನೀನೇ ತಾನೆ?" ಎಂದು ಡಾಕ್ಟರಮ್ಮನ ಮೇಲೆ ಎಗರಿದ. "ಕುರುಡಿಯೇನೇ ನೀನು? ಕಿವುಡಿಯಾ?" ಡಾಕ್ಟರಮ್ಮ ತುಟಿ ಪಿಟಕ್ಕೆನ್ನದೆ ಕೊಳವೆ ಸುತ್ತಿಕೊಳ್ಳುತ್ತಿದ್ದಳು. ಬಾಯಿ ಬಿಡಬೇಕಾದ ಹೊತ್ತು ಅದೇ ಆಗಿತ್ತು. ಕೊನೆಯಕ್ಕ ಕುದುರೆಯ ಹಣೆ ಸವರುತ್ತ ಕೂತಳು. ಆ ಹೊತ್ತು ತಪ್ಪಿಹೋಯಿತು. ಆಮೇಲೆ ಪ್ರತಿದಿನವೂ ಹೇಳುವುದು ಇನ್ನಷ್ಟು ಕಷ್ಟವಾಗುತ್ತ ಹೋಯಿತು.

ಕುಲುಮೆ ಎಂದರೆ ಸುತ್ತಮುತ್ತಲಿನ ಕುದುರೆಯವರೆಲ್ಲ ಬಂದು ಕೂರುವ ಜಾಗ. ಬಂದವರಿಗೆಲ್ಲ ಗಂಡ ಗೊರಸು ಕೆತ್ತುತ್ತ ಅದನ್ನೇ ಹೇಳಿದ. ಡಂಗುರ ಹೊಡೆಯುವುದೊಂದು ಬಾಕಿ. ಮೊದಲು ಕುದುರೆಯವರು ಡಾಕ್ಟರಮ್ಮನನ್ನು ಕರೆಯುವುದು ಬಿಟ್ಟರು, ಆಮೇಲೆ ಹಸುವಿನವರು. ಸಂಘವೂ ಸದ್ದಿಲ್ಲದೆ ಅವಳನ್ನು ಕೈಬಿಟ್ಟಿತು. ಐದು ತಿಂಗಳಲ್ಲಿ ಅವಳು ಕ್ಲಿನಿಕ್ಕಿನ ಬಾಗಿಲು ಹಾಕಿ ಕೋಳಿ ಫಾರಮ್ಮಿನಲ್ಲಿ ಮರಿಗಳಿಗೆ ಲಸಿಕೆ ಹಾಕುವ ಕೆಲಸ ಹಿಡಿದಳು. ಕೊನೆಯಕ್ಕ ಒಂದು ಸಲ ಬಸ್ ನಿಲ್ದಾಣದಲ್ಲಿ ಅವಳನ್ನು ಕಂಡು, ಬಂದ ಬಸ್ಸು ತನ್ನದಲ್ಲದಿದ್ದರೂ ಹತ್ತಿ ಹೋಗಿಬಿಟ್ಟಿದ್ದಳು.

ಹೀಗಿರುವಾಗ ಸಂಘದ ವಾರ್ಷಿಕ ಸಭೆ ಬಂತು. ಬಹುಮಾನದ ನಿಯಮ ಬದಲಿಸಬೇಕೆಂದು ಸದಸ್ಯರಲ್ಲೊಬ್ಬರಾದ ಡ್ರಾಯಿಂಗ್ ಮೇಷ್ಟ್ರು ಅರ್ಜಿ ಹಾಕಿದ್ದರು. ಐದು ಸಾವಿರದ ಫಲಕ ತೆಗೆಯಬೇಕು; ಕುದುರೆ ದಣಿದಿದೆಯೆಂದು ಸವಾರ ತಾನಾಗಿ ನಿಲ್ಲಿಸಿದರೆ ಅಲ್ಲಿಯವರೆಗಿನ ಮೈಲಿ ಅವರಿಗೇ ಸೇರಬೇಕು. ಅದೇ ಸಭೆಯಲ್ಲಿ ಸಾಸಿವೆಯ ಪಟ್ಟಿ ಹೊಡೆಯುವುದೆಂದೂ ತೀರ್ಮಾನವಾಗಿತ್ತು. ಗಂಡ ಅರ್ಜಿಯನ್ನು ಓದಿ ಕೆಂಡವಾದ. "ನಮ್ಮ ಪಟ್ಟಿ ಬೀಳೋ ದಿನವೇ ಫಲಕ ಕೀಳ್ತಾರಂತೆ. ನೋಡೇ ಬಿಡ್ತೀನಿ. ನೀನೂ ಎರಡು ಮಾತಾಡ್ಬೇಕು, ಆಯ್ತಾ?"

ಅವಳು ಹೂಂ ಎಂದಳು. ಏನು ಮಾತಾಡಬೇಕು? ಬಾಯಿ ಮುಚ್ಚಿಕೊಂಡಿದ್ದರೆ ಸಾಸಿವೆಯ ಹೆಸರು ಗೋಡೆಯ ಮೇಲೆ ಉಳಿಯುತ್ತದೆ. ಬಾಯಿ ಬಿಟ್ಟರೆ ಆ ಸವಾರಿ ಸವಾರಿಯೇ ಅಲ್ಲ, ನೂರನೆಯದು ಅಳಿಸಿಹೋಗುತ್ತದೆ, ಸಾಸಿವೆ ಸತ್ತದ್ದು ಒಂದು ಸೊನ್ನೆಗೋಸ್ಕರ ಎಂದಾಗುತ್ತದೆ. ಮುಚ್ಚಿಕೊಂಡರೆ ಒಬ್ಬಳ ಬದುಕು ಕೋಳಿ ಫಾರಮ್ಮಿನಲ್ಲಿ ಕೊಳೆಯುತ್ತದೆ. ಎರಡು ವಾರ ಅವಳು ಉರುಳೆ ಯಂತ್ರದ ಮುಂದೆ ನಿಂತು ಇದನ್ನೇ ಮಡಚಿ ಬಿಚ್ಚಿ ಮಾಡಿದಳು. ಕೊನೆಗೆ ಸುಮ್ಮನಿರುವುದೆಂದು ತೀರ್ಮಾನಿಸಿದಳು. ಡಾಕ್ಟರಮ್ಮನಿಗೆ ಇನ್ನೂ ವಯಸ್ಸಿದೆ, ಬೇರೆ ಊರಿದೆ; ಸಾಸಿವೆಗೆ ಇರುವುದು ಆ ಪಟ್ಟಿಯೊಂದೇ ಎಂದು ತನ್ನನ್ನು ತಾನು ಒಪ್ಪಿಸಿಕೊಂಡಳು.

ಸಭೆ ನಡೆದದ್ದು ಟೈರ್ ಅಂಗಡಿಯ ಮೇಲಿನ ಸಭಾಂಗಣದಲ್ಲಿ, ಭಾನುವಾರ ಬೆಳಿಗ್ಗೆ. ಪ್ಲಾಸ್ಟಿಕ್ ಕುರ್ಚಿಗಳು, ಕಿಟಕಿಯಿಂದ ರಬ್ಬರಿನ ವಾಸನೆ, ಮೂಲೆಯಲ್ಲಿ ಚಹಾದ ದೊಡ್ಡ ಕೆಟಲು. ಅಧ್ಯಕ್ಷರು ರೈಲಿನಲ್ಲಿ ಗಾರ್ಡ್ ಆಗಿದ್ದು ನಿವೃತ್ತರಾದವರು. ಗದ್ದಲವಾದರೆ ಇವತ್ತಿಗೂ ಶಿಳ್ಳೆ ಊದುತ್ತಾರೆ. ಕೊನೆಯ ಸಾಲಿನಲ್ಲಿ, ಬಾಗಿಲ ಪಕ್ಕದ ಕುರ್ಚಿಯಲ್ಲಿ, ಕಿರಿಯ ಡಾಕ್ಟರಮ್ಮ ಕೂತಿದ್ದಳು. ಸದಸ್ಯತ್ವ ಇನ್ನೂ ಇತ್ತು, ಬರಬೇಡ ಎನ್ನಲು ಯಾರಿಗೂ ಬಾಯಿ ಬಂದಿರಲಿಲ್ಲ. ಅವಳ ಅಕ್ಕಪಕ್ಕದ ಎರಡೆರಡು ಕುರ್ಚಿ ಮಾತ್ರ ಖಾಲಿ ಇದ್ದವು.

ಮೇಷ್ಟ್ರು ಎದ್ದು ನಿಂತರು. "ಮೂವತ್ತೆಂಟು ಮೈಲಿ ಹೋಗಿ, ಪಾಪ ಕುದುರೆಗೆ ಸುಸ್ತಾಗಿದೆ ಅಂತ ಇಳಿದೋರಿಗೆ ನಾವು ಕೊಡೋದೇನು? ಸೊನ್ನೆ. ಕಣ್ಣು ಮುಚ್ಕೊಂಡು ಹೊಡ್ಕೊಂಡು ಬಂದೋರಿಗೆ? ಐವತ್ತು. ನಾವು ಯಾವುದನ್ನ ಕಲಿಸ್ತಿದೀವಿ ಅಂತ ಒಂದ್ಸಲ ಯೋಚ್ನೆ ಮಾಡಿ."

"ಹಂಗಾದ್ರೆ ನಾನು ನಾಳೆಯಿಂದ ಗೇಟ್‌ವರೆಗೆ ಹೋಗಿ, ಸುಸ್ತಾಯ್ತು ಅಂತ ವಾಪಸ್ ಬರ್ತೀನಿ," ಎಂದ ಸವಾರರಲ್ಲೊಬ್ಬನಾದ ಬೇಕರಿಯವನು. "ಕಾಲು ಮೈಲಿ ಬರ್ಕೊಳಿ. ಇಪ್ಪತ್ತು ಸಾವಿರ ಸಲ ಬಂದ್ರೆ ನಂದೂ ಐದು ಸಾವಿರ." ಸಭೆ ಗೊಳ್ಳೆಂದು ನಕ್ಕಿತು.

"ನಿನ್ನ ಕುದುರೆಗೆ ಸುಸ್ತಾಗೋದು ನಿನ್ನ ಹೊಟ್ಟೆ ಹೊತ್ತು," ಎಂದರು ಯಾರೋ. ಅಧ್ಯಕ್ಷರು ಶಿಳ್ಳೆ ಊದಿದರು.

ಆಮೇಲೆ ಗಂಡ ಎದ್ದ. ಅವನಿಗೆ ಭಾಷಣ ಬರುವುದಿಲ್ಲ, ಆದರೆ ಅಂದು ಬಂತು. "ಮೊದಲು ಬರೋರಿಗೆ ಕಪ್ ಇದೆ. ನನ್ನ ಹೆಂಡತಿಯಂಥ ಹಿಂದೆ ಬರೋರಿಗೆ ಏನಿದೆ ಸ್ವಾಮಿ ಇಲ್ಲಿ? ಆ ಫಲಕ ಒಂದೇ. ಓಡೋದಲ್ಲ, ವರ್ಷಗಟ್ಲೆ ಒಂದೇ ಕುದುರೇನ ಕಾಪಾಡ್ಕೊಂಡು ಬರೋದು ದೊಡ್ಡದು ಅಂತ ಹೇಳೋದು ಅದೊಂದೇ. ಅದನ್ನ ಕಿತ್ತು ಹಾಕಿದ್ರೆ ಉಳಿಯೋದು ಬರೀ ಜೂಜು." ಹಲವರು ಕುರ್ಚಿ ತಟ್ಟಿದರು. ಅವನ ಮಾತು ಸುಳ್ಳಲ್ಲ, ಮೇಷ್ಟ್ರೂ ತಲೆದೂಗಿದರು. ಅಲ್ಲಿಗೆ ನಿಲ್ಲಿಸಿದ್ದರೆ ಅವತ್ತು ಗೆದ್ದುಬಿಡುತ್ತಿದ್ದನೇನೋ. ಆದರೆ ಅವನು ಹಿಂದಕ್ಕೆ ತಿರುಗಿ ಬೆರಳು ತೋರಿಸಿದ. "ಸಾಸಿವೇನ ಕೊಂದಿದ್ದು ಫಲಕ ಅಲ್ಲ. ಕೊಂದೋರು ಅಗೋ, ಅಲ್ಲಿ ಕೂತಿದಾರೆ. ನಾಚಿಕೆ ಇಲ್ದೆ ಬಂದು ಕೂತಿದಾರೆ."

ಎಲ್ಲರೂ ತಿರುಗಿದರು. ಡಾಕ್ಟರಮ್ಮ ಮಡಿಲಲ್ಲಿದ್ದ ಚೀಲದ ಪಟ್ಟಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು. ತಲೆ ಎತ್ತಲಿಲ್ಲ, ಎದ್ದೂ ಹೋಗಲಿಲ್ಲ. ಲಾಯದಲ್ಲಿ ಹೇಗೆ ಸುಮ್ಮನಿದ್ದಳೋ ಹಾಗೇ ಸುಮ್ಮನಿದ್ದಳು.

"ನಾನು ಮಾತಾಡ್ಬೇಕು," ಎಂದಳು ಕೊನೆಯಕ್ಕ.

ತಾನು ಎದ್ದು ನಿಂತಿದ್ದೇನೆ ಎಂಬುದು ಅವಳಿಗೇ ಆಗ ಗೊತ್ತಾದದ್ದು. ಗಂಡ ಹೆಮ್ಮೆಯಿಂದ ಪಕ್ಕಕ್ಕೆ ಸರಿದು ಜಾಗ ಬಿಟ್ಟ.

"ಅವಳು ನೀರು ಕುಡಿದಿರ್ಲಿಲ್ಲ," ಎಂದಳು. "ಸಾಸಿವೆ ಇಪ್ಪತ್ತನೇ ಮೈಲಿಯಿಂದಾಚೆಗೆ ಒಂದು ಗುಟುಕೂ ಕುಡಿದಿರ್ಲಿಲ್ಲ. ಡಾಕ್ಟರಮ್ಮ ಎರಡು ಸಲ ಕೇಳಿದ್ರು. ಎರಡು ಸಲವೂ ಕುಡಿದ್ಲು ಅಂತ ನಾನು ಸುಳ್ಳು ಹೇಳ್ದೆ. ಆಮೇಲೆ... ಗಾಡಿ ಹಿಂದೆ ಕರ್ಕೊಂಡ್ಹೋಗಿ ಉಪ್ಪು ಕೊಟ್ಟೆ. ಎರಡು ಸಿರಿಂಜು. ಕೊಡಬಾರ್ದು ಅಂತ ಗೊತ್ತಿತ್ತು. ಇಲ್ಲಿರೋ ಅರ್ಧ ಜನಕ್ಕೆ ಅದನ್ನ ಹೇಳ್ಕೊಟ್ಟಿದ್ದೇ ನಾನು."

ಕೆಳಗೆ ಅಂಗಡಿಯಲ್ಲಿ ಯಾರೋ ಟೈರಿಗೆ ಗಾಳಿ ತುಂಬುತ್ತಿದ್ದ ಸದ್ದು ಮೇಲಿನವರೆಗೆ ಕೇಳುತ್ತಿತ್ತು.

"ನಂಗೆ ಆ ಪಟ್ಟಿ ಬೇಕಾಗಿತ್ತು," ಎಂದಳು. "ಅವಳಿಗೆ ಬೇಕಾಗಿರ್ಲಿಲ್ಲ. ಕುದುರೆಗೆ ಐದು ಸಾವಿರ ಅಂದ್ರೆ ಏನು ಗೊತ್ತು? ನಾನು ಹೋಗು ಅಂದೆ, ಹೋದ್ಲು."

ಬೇಕರಿಯವನು ಮುಖ ಕೆಳಗೆ ಹಾಕಿದ. ಅಧ್ಯಕ್ಷರು ಕನ್ನಡಕ ತೆಗೆದು ಒರೆಸಿಕೊಂಡರು, ಮತ್ತೆ ಹಾಕಿಕೊಂಡರು. ನಿಯಮ ನಿಯಮವೇ. "ಹಂಗಾದ್ರೆ ಅಮ್ಮಾ, ಆ ಸವಾರಿ ಲೆಕ್ಕಕ್ಕೆ ಬರಲ್ಲ. ನೀವೇ ಬರೆದುಕೊಡ್ಬೇಕಾಗುತ್ತೆ," ಎಂದರು. ಮೇಜಿನ ಮೇಲೊಂದು ಕಾಗದ ಇಟ್ಟರು. ಕೊನೆಯಕ್ಕ ಬಗ್ಗಿ ಬರೆದಳು. ಮೊದಲು ಸಾಸಿವೆಯ ಹೆಸರು, ಆಮೇಲೆ ತನ್ನದು, ಅದರ ಕೆಳಗೆ ನಾಲ್ಕು ಸಾವಿರದ ಒಂಬೈನೂರ ಐವತ್ತು ಮೈಲಿ.

ಮತಕ್ಕೆ ಹಾಕಿದಾಗ ಕೈಗಳು ಒಂದೊಂದಾಗಿ ಮೇಲೆದ್ದವು. ಫಲಕ ತೆಗೆಯುವುದೆಂದಾಯಿತು, ತಾವಾಗಿ ನಿಲ್ಲಿಸಿದವರ ಮೈಲಿ ಅವರಿಗೇ ಸೇರುವುದೆಂದಾಯಿತು. ಕೊನೆಯಕ್ಕನೂ ಕೈ ಎತ್ತಿದಳು. ಈ ನಿಯಮ ಆಗಲೇ ಇದ್ದಿದ್ದರೆ ಮೂವತ್ತೆಂಟಕ್ಕೆ ನಿಲ್ಲಿಸುತ್ತಿದ್ದೆಯಾ ಎಂದು ತನ್ನನ್ನೇ ಕೇಳಿಕೊಂಡಳು. ನಾಲ್ಕು ಸಾವಿರದ ಒಂಬೈನೂರ ಎಂಬತ್ತೆಂಟಾಗುತ್ತಿತ್ತು, ಇನ್ನು ಹನ್ನೆರಡೇ ಬಾಕಿ. ನಿಲ್ಲಿಸುತ್ತಿರಲಿಲ್ಲ. ಅದು ಅವಳಿಗೆ ಸ್ಪಷ್ಟವಾಗಿ ಗೊತ್ತಿತ್ತು, ಅದಕ್ಕೇ ಫಲಕ ತೆಗೆಯಲು ಕೈ ಎತ್ತಿದಳು. ಗಂಡ ಯಾವುದಕ್ಕೂ ಕೈ ಎತ್ತಲಿಲ್ಲ. ಎಣಿಕೆ ಮುಗಿಯುವ ಮೊದಲೇ ಎದ್ದು ಕೆಳಗಿಳಿದು ಹೋದ.

ಮೆಟ್ಟಿಲ ತಿರುವಿನಲ್ಲಿ ಡಾಕ್ಟರಮ್ಮ ಕಾದು ನಿಂತಿದ್ದಳು. ಕೊನೆಯಕ್ಕ ಕೈ ಮುಗಿಯಲು ಹೋದಳು.

"ಬೇಡ ಅಕ್ಕಾ," ಎಂದಳು ಡಾಕ್ಟರಮ್ಮ. "ನಿಮಗೆ ಥ್ಯಾಂಕ್ಸ್ ಹೇಳ್ಬೇಕು. ಆದ್ರೆ ಬಾಯಿಗೆ ಬರ್ತಿಲ್ಲ."

"ಬರ್ದೇ ಇದ್ರೂ ಪರ್ವಾಗಿಲ್ಲಮ್ಮ. ನೀನು ಯಾಕೆ ಅವತ್ತೇ ಹೇಳ್ಲಿಲ್ಲ? ಕುಡಿದ್ಲು ಅಂತ ಅಕ್ಕನೇ ಹೇಳಿದ್ರು ಅಂತ ಒಂದು ಮಾತು ಅಂದಿದ್ರೆ..."

"ಏನಂತ ಹೇಳ್ಲಿ?" ಡಾಕ್ಟರಮ್ಮ ಗೋಡೆಗೆ ಒರಗಿಕೊಂಡಳು. "ನಾನು ನಂಬಿರ್ಲಿಲ್ಲ ನಿಮ್ಮ ಮಾತನ್ನ. ಹೊಳೇಲಿ ಕುಡಿದು ಬಂದ ಕುದುರೆ ಒಸಡು ಹಂಗೆ ಅಂಟಂಟಾಗಿರಲ್ಲ. ತುಟಿ ಎತ್ತಿದ ತಕ್ಷಣ ಗೊತ್ತಾಯ್ತು. ಹೊಟ್ಟೆಯ ಎಡಗಡೆ ಸದ್ದೇ ಇರ್ಲಿಲ್ಲ. ಬರೆಯೋಕೆ ಪೆನ್ನು ತಗೊಂಡೆ, ಬೇಡ ಅಂತಲೇ ಬರೀಬೇಕಾಗಿತ್ತು. ನಿಮ್ಮ ಮುಖ ನೋಡ್ದೆ. ಹಿಂದೆ ಆ ಜನ, ಆ ಬಟ್ಟೆ ಹಿಡ್ಕೊಂಡು. ಕೊನೆಯಕ್ಕನಿಗೆ ಹೆಂಗೆ ಇಲ್ಲ ಅನ್ನೋದು ಅಂತ... ಸರಿ ಇದೆ ಅಂತ ಬರ್ದುಬಿಟ್ಟೆ."

ಕೊನೆಯಕ್ಕ ಮೆಟ್ಟಿಲ ಮೇಲೆ ಕೂತುಬಿಟ್ಟಳು. ಇಷ್ಟು ತಿಂಗಳು ತಾನು ಒಬ್ಬಳೇ ಹೊತ್ತಿದ್ದೇನೆಂದುಕೊಂಡದ್ದನ್ನು ಈ ಹುಡುಗಿಯೂ ಹೊತ್ತಿದ್ದಳು. ಆ ದಿನ ಆ ಮೈದಾನದಲ್ಲಿ ಒಬ್ಬರಾದರೂ ಬೇಡ ಎಂದಿದ್ದರೆ ಸಾಕಿತ್ತು. ಎಲ್ಲರೂ ಅವಳ ಮೇಲಿನ ಪ್ರೀತಿಗೇ ಚಪ್ಪಾಳೆ ತಟ್ಟುತ್ತಿದ್ದರು, ಆ ಪ್ರೀತಿಯ ನಡುವೆ ಸಾಸಿವೆ ಒಬ್ಬಳೇ ನಿಂತಿದ್ದಳು. ಇಬ್ಬರು ಹೆಂಗಸರೂ ಅಲ್ಲಿ ಸ್ವಲ್ಪ ಹೊತ್ತು ಅತ್ತರು, ಒಬ್ಬರನ್ನೊಬ್ಬರು ಮುಟ್ಟಲಿಲ್ಲ. ಆಮೇಲೆ ಡಾಕ್ಟರಮ್ಮ ಕಣ್ಣೊರೆಸಿಕೊಂಡು, ಫಾರಮ್ಮಿಗೆ ಹೊತ್ತಾಯಿತು ಎಂದು ಇಳಿದು ಹೋದಳು.

ಗಂಡ ವ್ಯಾನಿನಲ್ಲಿ ಕೂತಿದ್ದ. ಕೊನೆಯಕ್ಕ ಪಕ್ಕದ ಬಾಗಿಲು ತೆಗೆದು ಹತ್ತಿದಳು. ಬೈಗುಳಕ್ಕೆ ಸಿದ್ಧವಾಗಿದ್ದಳು, ಬೈದರೆ ಹಗುರವಾಗುತ್ತೇನೆ ಎಂದೂ ಅನ್ನಿಸಿತ್ತು. ಅವನು ಬೈಯಲಿಲ್ಲ. ಕುಲುಮೆಯ ಕಡೆಗೆ ಅರ್ಧ ದಾರಿ ಬಂದರು. ರೈಲ್ವೆ ಗೇಟು ಹಾಕಿತ್ತು, ವ್ಯಾನು ನಿಲ್ಲಿಸಿದ.

"ಬಾಯಾರಿಕೆ ಆಗಿತ್ತಾ ಅವಳಿಗೆ?" ಎಂದು ಕೇಳಿದ.

"ಹೂಂ."

"ತುಂಬಾನಾ?"

ಅವಳು ಅವನ ಕಡೆ ನೋಡದೆ, "ತುಂಬಾ," ಎಂದಳು.

ಅವನು ಸ್ಟೀರಿಂಗಿನ ಮೇಲೆ ಹಣೆ ಇಟ್ಟುಕೊಂಡ. ರೈಲು ಹೋಯಿತು, ಗೇಟು ತೆರೆಯಿತು. ಹಿಂದಿನ ಗಾಡಿಗಳವರು ಹಾರನ್ ಬಾರಿಸತೊಡಗಿದರು. ಅವನು ತಲೆ ಎತ್ತಲೇ ಇಲ್ಲ. ಒಬ್ಬೊಬ್ಬರಾಗಿ ಅವರು ಪಕ್ಕದಿಂದ ದಾಟಿಕೊಂಡು ಮುಂದೆ ಹೋದರು.